ಮಂಗಳವಾರದ ಉಪವಾಸ

ಜುಲೈ 8, ಮಂಗಳವಾರ

ಇವತ್ತು ಮೂರು ಸಲ ಸ್ನಾನ ಮಾಡಿದೆ. ಮೊದಲನೆಯದು ಹಿತ್ತಲಲ್ಲಿ, ಅತ್ತೆ ಮೇಲಿಂದ ತಣ್ಣೀರು ಸುರಿದರು. ಎರಡನೆಯದು ಬಚ್ಚಲಲ್ಲಿ, ಸೀಗೆಪುಡಿ ಹಾಕಿ ತಿಕ್ಕಿ ತಿಕ್ಕಿ. ಮೂರನೆಯದು ಊಟಕ್ಕೆ ಕೂತವಳು ಸಾರಿನಲ್ಲಿ ಜೀರಿಗೆ ಕಂಡು ಎದ್ದುಹೋಗಿ. ಅದು ಜೀರಿಗೆಯೇ. ಗೊತ್ತಿತ್ತು. ಆದರೂ ಎದ್ದೆ.

ಹಳೇಬೀಡಿನ ಕೇಸು ಇವತ್ತಿನಿಂದ ನನ್ನ ಕೊರಳಿಗೆ ಬಿದ್ದಿದೆ. ಇಂಥವರನ್ನು ಕೊಳಕರು ಅನ್ನಬಾರದು, ‘ಸ್ವಯಂ ನಿರ್ಲಕ್ಷ್ಯದ ಫಲಾನುಭವಿ’ ಅನ್ನಬೇಕು ಎಂದು ನಮ್ಮ ಸಮಾಜಸೇವಾ ಸಂಸ್ಥೆಯ ಸಂಯೋಜಕರು ಬಸವಕುಮಾರ್ ತರಬೇತಿಯಲ್ಲಿ ಹೇಳಿಕೊಟ್ಟಿದ್ದಾರೆ. ಅವರು ಒಂದು ಸಲ ಒಳಗೆ ಹೋಗಿ ಬಂದು ಆಮೇಲೆ ಹೇಳಲಿ.

ಫಲಾನುಭವಿಯ ಹೆಸರು ಜಯರಾಜಯ್ಯ. ಐವತ್ತೇಳು ವರ್ಷ, ಒಂಟಿ. ಬಸದಿಗೆ ಹೋಗುವ ಬೀದಿಯಲ್ಲಿ ಮುಂದೆ ದಿನಸಿ ಅಂಗಡಿ, ಹಿಂದೆ ಮನೆ. ಅಂಗಡಿ ಮುಚ್ಚಿ ನಾಲ್ಕು ವರ್ಷವಾಯಿತು, ಸಾಮಾನು ಮಾತ್ರ ಹಾಗೇ ಇದೆ. ಹೆಸರು, ಅಲಸಂದೆ, ಹುರುಳಿ, ಗೋಧಿ, ಚೀಲದ ಮೇಲೆ ಚೀಲ. ಚೀಲದ ಬಾಯಲ್ಲಿ ಬೂದು ಬಲೆ, ಬಲೆಯೊಳಗೆ ಹುಳ. ಗೋಡೆ ಅಲುಗಾಡಿದ ಹಾಗೆ ಕಂಡಿತು. ಹತ್ತಿರ ಹೋದರೆ ಜಿರಲೆ. ಕರ್ಚೀಫಿಗೆ ನೀಲಗಿರಿ ಎಣ್ಣೆ ಹಾಕಿಕೊಂಡು ಹೋಗಿದ್ದೆ, ಮುಗ್ಗಲು ನಾತ ಅದನ್ನೂ ದಾಟಿ ಗಂಟಲಿಗೆ ಇಳಿಯಿತು.

“ಬನ್ನಿ ಬನ್ನಿ. ಕಾಲು ನೋಡ್ಕೊಂಡು ಇಡಿ ಮೇಡಂ” ಅಂದರು. ಸದ್ಯ, ಮರ್ಯಾದೆ ಗೊತ್ತಿದೆ ಅಂದುಕೊಂಡೆ. “ಕೆಳಗೆ ಓಡಾಡ್ತಿರ್ತವೆ, ಪಾಪ” ಅಂತ ಸೇರಿಸಿದರು. ಕಾಳಜಿ ನನ್ನ ಕಾಲಿನ ಮೇಲಲ್ಲ!

ಹಿತ್ತಲ ಬಾವಿಯಿಂದ ನೀರು ಸೇದಿ, ಎರಡು ಮಡಿಕೆಯ ಬಟ್ಟೆಯಲ್ಲಿ ಸೋಸಿ, ಲೋಟಕ್ಕೆ ಬಗ್ಗಿಸಿ ನನ್ನ ಮುಂದೆ ಹಿಡಿದರು. ಆಮೇಲೆ ಆ ಬಟ್ಟೆಯನ್ನು ಅದೇ ಬಾವಿಯ ನೀರಿನಲ್ಲಿ ಜಾಲಿಸಿ, ಜಾಲಿಸಿದ ನೀರನ್ನು ಬಾವಿಗೇ ಮೆಲ್ಲಗೆ ಇಳಿಸಿದರು. ಕಣ್ಣಿಗೆ ಕಾಣದ ಜೀವಗಳು ತಮ್ಮ ಜಾಗಕ್ಕೆ ವಾಪಸ್ಸು ಹೋಗಬೇಕಂತೆ. ಲೋಟದ ಅಂಚಿನಲ್ಲಿ ಅವರ ಹೆಬ್ಬೆರಳು. ಉಗುರಿನೊಳಗೆ ಕಪ್ಪು.

“ಇವತ್ತು ಮಂಗಳವಾರ. ನನಗೆ ಉಪವಾಸ. ನೀರೂ ಕುಡಿಯಲ್ಲ” ಅಂದುಬಿಟ್ಟೆ. ನಮ್ಮ ಮನೆಯಲ್ಲಿ ಏಕಾದಶಿ ಬಿಟ್ಟರೆ ಬೇರೆ ಉಪವಾಸವಿಲ್ಲ. ಮಂಗಳವಾರ ಬಾಯಿಗೆ ಎಲ್ಲಿಂದ ಬಂತೋ ಕಾಣೆ.

ಅವರು ಲೋಟ ಕೆಳಗಿಟ್ಟು ಕೈ ಮುಗಿದರು. “ಒಳ್ಳೇದು ಮೇಡಂ. ಈ ಕಾಲದಲ್ಲಿ ಯಾರು ಮಾಡ್ತಾರೆ.”

ಜುಲೈ 15, ಮಂಗಳವಾರ

ಪಕ್ಕದ ಮನೆ ಸಾವಿತ್ರಮ್ಮ ಬೀದಿಯಲ್ಲೇ ಅಡ್ಡ ಹಾಕಿದರು. ಪಂಚಾಯಿತಿಗೆ ದೂರು ಕೊಟ್ಟವರು ಇವರೇ. “ನೋಡಿ ಮೇಡಂ, ನಮ್ ಗ್ವಾಡೆ ಮೇಲೆ ಹುಳ ಸಾಲಿಟ್ಟವೆ. ಮೊಮ್ಮಗೀಗೆ ಹಾಲು ಆರ್ಸೋಕೆ ಇಟ್ರೆ ಅದ್ರಾಗೂ ಬಿದ್ದಿರ್ತವೆ. ಅವಯ್ಯ ಒಳ್ಳೇನೇ, ತಕ್ಕಡೀಲಿ ಯಾವತ್ತೂ ಮೋಸ ಮಾಡ್ನಿಲ್ಲ. ಆದ್ರೆ ಒಳ್ಳೇತನ ಇಟ್ಕೊಂಡು ನಾವೇನ್ ಮಾಡಾಣ?”

ಸರಿಯಾಗಿಯೇ ಕೇಳಿದರು.

ಒಳಗೆ ಮುಕ್ಕಾಲು ಗಂಟೆ ನಿಂತೇ ಇದ್ದೆ. ಕೂರಲು ಒಂದು ಸ್ಟೂಲು ಒರೆಸಿಕೊಟ್ಟರು, ಒರೆಸಿದ ಬಟ್ಟೆ ನೋಡಿ ಕೂರಲಿಲ್ಲ. ಮತ್ತೆ ನೀರು, ಮತ್ತೆ ಉಪವಾಸ. ಬಸ್‌ಸ್ಟ್ಯಾಂಡಿನಲ್ಲಿ ಡಬ್ಬಿ ತೆರೆದು ಪುಳಿಯೋಗರೆ ತಿಂದೆ. ಅರ್ಧ ಚೆಲ್ಲಿದೆ.

ಜುಲೈ 29, ಮಂಗಳವಾರ

ಬರೆಯಲಿಕ್ಕೂ ಓಕರಿಕೆ ಬರುತ್ತಿದೆ. ಜಯರಾಜಯ್ಯನ ಎಡಗಾಲಿನ ಹೆಬ್ಬೆರಳ ಕೆಳಗೆ ಹುಣ್ಣು. ಪಂಚೆಯ ತುಂಡು ಸುತ್ತಿದ್ದರು, ಅದು ಕೀವಿಗೆ ಅಂಟಿಕೊಂಡಿತ್ತು. ಬಿಚ್ಚಿದರೆ ಇರುವೆ. ಹುಣ್ಣಿನ ಸುತ್ತ, ಸಾಲಾಗಿ.

ನಾನು ಹಿಂದಕ್ಕೆ ನೆಗೆದೆ. ಅವರಿಗೆ ನಗು. “ಸಕ್ಕರೆ ಕಾಯಿಲೆ ಅಲ್ವಾ ಮೇಡಂ. ಅಂಗಡಿ ಮುಚ್ಚಿದೀನಿ ಅಂತ ಅವಕ್ಕೇನು ಗೊತ್ತು, ಗಿರಾಕಿಗಳು ಬತ್ತಾನೇ ಇರ್ತವೆ.”

ಥೂ! ಹೀಗೂ ತಮಾಷೆ ಮಾಡುವುದುಂಟೇ.

ನಾನು ಹಿತ್ತಲಿಗೆ ಹೋಗಿ ಸ್ವಲ್ಪ ಗಾಳಿ ಕುಡಿದು ಬರುವಷ್ಟರಲ್ಲಿ ನನ್ನ ಬ್ಯಾಗು ಮುಟ್ಟಿದ್ದರು. ಚೀಲದ ಮೇಲೆ ಇಟ್ಟಿದ್ದನ್ನು ಎತ್ತಿ ಮೊಳೆಗೆ ನೇತುಹಾಕಿದ್ದರು. ಮೈಯೆಲ್ಲ ಉರಿಯಿತು. ಮನೆಗೆ ಬಂದು ಬ್ಯಾಗನ್ನು ಬಿಸಿನೀರಲ್ಲಿ ಅದ್ದಿದೆ. ಬಣ್ಣ ಬಿಟ್ಟುಕೊಂಡಿತು. ಅತ್ತೆ “ಆ ಕೆಲಸ ಬಿಟ್ಟುಬಿಡೇ, ಗೆಂಡೆಹಳ್ಳಿಯ ಅಂಗನವಾಡಿ ಕೆಲಸಾನೇ ಎಷ್ಟೋ ವಾಸಿಯಾಗಿತ್ತು” ಅಂದರು. ಅತ್ತೆಯ ಮಾತು ನನಗೆ ಒಪ್ಪಿಗೆಯಾಗುವುದು ವರ್ಷಕ್ಕೊಂದು ಸಲ. ಈ ವರ್ಷದ್ದು ಇವತ್ತೇ ಮುಗಿಯಿತು.

ಆಗಸ್ಟ್ 12, ಮಂಗಳವಾರ

ಜಾವಗಲ್‌ನಲ್ಲಿ ಹೈಸ್ಕೂಲ್ ಟೀಚರಾಗಿರುವ ಮಹಿಮಾ ಬಂದಿದ್ದರು. ಜಯರಾಜಯ್ಯನ ಅಣ್ಣನ ಮಗಳು. ಒಳಗೆ ಬಂದು ಚೀಲಗಳನ್ನು ನೋಡಿ ಸೆರಗು ಬಾಯಿಗೆ ಹಿಡಿದು ಅತ್ತರು, ಆಮೇಲೆ ರೇಗಿದರು.

“ಚಿಕ್ಕಪ್ಪ, ನಮ್ಮ ಧರ್ಮದಲ್ಲಿ ಎಲ್ಲಿ ಹೇಳಿದೆ ಹೀಗಿರಿ ಅಂತ? ಕೊಳೆ ಮಾಡಿದ್ರೆ ಜೀವ ಹುಟ್ಟುತ್ತೆ, ಹುಟ್ಟಿದ್ರೆ ಸಾಯುತ್ತೆ. ಅದಕ್ಕೇ ತಾನೇ ಚೊಕ್ಕಟವಾಗಿರಬೇಕು ಅನ್ನೋದು? ನಮ್ಮ ಮನೆಗಳು ಹೀಗಿವೆಯಾ?”

ಇದು ಒಳ್ಳೆಯ ವಾದ. ಮೊದಲೇ ಸಿಕ್ಕಿದ್ದರೆ ಒಂದು ತಿಂಗಳು ಉಳಿಯುತ್ತಿತ್ತು ಅಂದುಕೊಂಡೆ.

ಜಯರಾಜಯ್ಯ ತಲೆ ತಗ್ಗಿಸಿದರು. “ಗೊತ್ತು ಕಣಮ್ಮ. ಇಟ್ಕೊಂಡಿದ್ದು ನಂದೇ ತಪ್ಪು. ಆದ್ರೆ ಹುಟ್ಟಿಬಿಟ್ಟಿವೆಯಲ್ಲ. ಹುಟ್ಟಿದ ಮೇಲೆ ಏನು ಮಾಡ್ಲಿ?”

ತರಬೇತಿಯ ಪುಸ್ತಕದಲ್ಲಿ ಇದಕ್ಕೆ ಪಾಠವಿಲ್ಲ.

ನಾನು ಹೊರಡುವಾಗ ಜಯರಾಜಯ್ಯ ನನ್ನೊಬ್ಬಳಿಗೇ ಕೇಳುವ ಹಾಗೆ ಹೇಳಿದರು: “ಕಾಳಿನ ವ್ಯಾಪಾರ ಅಂದ್ರೆ ಚೀಲಕ್ಕೆ ಮಾತ್ರೆ ಇಡಲೇಬೇಕು ಮೇಡಂ. ಒಂದಿಟ್ರೆ ಚೀಲದ ಹುಳವೆಲ್ಲ ಬೆಳಗಾಗೋದ್ರೊಳಗೆ ಸತ್ತಿರ್ತವೆ. ಮೂವತ್ತು ವರ್ಷ ನಾನೇ ಇಟ್ಟಿದೀನಿ, ಈ ಕೈಯಲ್ಲಿ. ಒಂದಿನ ಇಡೋಕೆ ಹೋದೆ, ಆಗ್ಲಿಲ್ಲ.”

“ಯಾಕೆ?”

“ಆಗ್ಲಿಲ್ಲ, ಅಷ್ಟೆ.”

ನಮೂನೆಯಲ್ಲಿ ‘ಕಾರಣ’ ಎಂಬ ಕಾಲಂ ಇದೆ. ಆಗ್ಲಿಲ್ಲ ಅಂತ ಬರೆದು ಹೊಡೆದುಹಾಕಿದೆ.

ಆಗಸ್ಟ್ 26, ಮಂಗಳವಾರ

ನಾಳೆ ಗಣೇಶನ ಹಬ್ಬ. ಕಡುಬಿಗೆ ಹೂರಣ ರುಬ್ಬುತ್ತ ಕೂತವಳಿಗೆ ಬಸವಕುಮಾರ್ ಫೋನು. ಪಂಚಾಯಿತಿ ನೋಟಿಸು ಕೊಟ್ಟಿದೆ. ಸೆಪ್ಟೆಂಬರ್ ಹತ್ತರೊಳಗೆ ಮನೆ ಚೊಕ್ಕಟವಾಗದಿದ್ದರೆ ಬೀಗ ಹಾಕಿ, ಜಯರಾಜಯ್ಯನನ್ನು ಅರಸೀಕೆರೆ ಕಡೆಯ ಯಾವುದೋ ಆಶ್ರಮಕ್ಕೆ ಸೇರಿಸುತ್ತಾರೆ.

“ಒಂದು ಉಪಾಯ ಇದೆ ಮೇಧಿನಿ. ನೀವು ಅವರನ್ನ ಕಾಲು ತೋರಿಸೋಕೆ ಅಂತ ಹಾಸನಕ್ಕೆ ಕರ್ಕೊಂಡು ಹೋಗಿ. ಆ ಹೊತ್ತಲ್ಲಿ ನಾವು ಔಷಧಿ ಹೊಡೆಸ್ತೀವಿ. ಅದೇ ವಾರ ಶನಿವಾರ ಚೀಲಕ್ಕೆ ಮಾತ್ರೆ. ಸೋಮವಾರ ಚೀಲ ಸಾಗಿಸೋಕೆ ಟ್ರ್ಯಾಕ್ಟರ್. ಅವರಿಗೂ ಒಳ್ಳೇದೇ ಅಲ್ವಾ, ಮನೇಲೇ ಉಳೀತಾರೆ.”

ಹೂಂ ಅಂದೆ. ಸತ್ಯ ಬರೆಯುತ್ತೇನೆ, ಸಂತೋಷವಾಯಿತು. ಇನ್ನು ಆ ನಾತಕ್ಕೆ ಹೋಗುವುದು ಎರಡೋ ಮೂರೋ ಸಲ.

ಸೆಪ್ಟೆಂಬರ್ 2, ಮಂಗಳವಾರ

ಹಾಸನಕ್ಕೆ ಹೊರಡಲು ಅವರು ಬಿಳಿ ಅಂಗಿ, ಬಿಳಿ ಪಂಚೆ ಉಟ್ಟು ಬಾಗಿಲಲ್ಲಿ ಕಾಯುತ್ತಿದ್ದರು. ಇಸ್ತ್ರಿ ಇಲ್ಲ, ಒಗೆದಿದ್ದರು. ಸೋಸಿದ ನೀರಿನ ತಂಬಿಗೆ ಒಂದು, ಅಷ್ಟೆ. ಆಸ್ಪತ್ರೆಯ ಬೆಂಚಿನ ಮೇಲೆ ಕೂತಾಗ ಹೇಳಿದರು: “ಈಗ ನಮಗೆ ಪರ್ವ ಮೇಡಂ. ದಶಲಕ್ಷಣ, ಹತ್ತು ದಿನ. ವರ್ಷವೆಲ್ಲ ಹೆಂಗೋ ಇರ್ತೀವಿ, ಈ ಹತ್ತು ದಿನ ಒಂದು ಇರುವೆಗೂ ನಮ್ಮಿಂದ ನೋವಾಗಬಾರದು.”

ಪಂಚಾಂಗ ಕಣ್ಣಿಗೆ ಒತ್ತಿಕೊಂಡು ಬೆಳೆದವಳು ನಾನು. ನಮ್ಮ ಏಕಾದಶಿ, ನಮ್ಮ ಅಮಾವಾಸ್ಯೆ, ನಮ್ಮ ರಾಹುಕಾಲ ಎಲ್ಲ ನೋಡಿ ಔಷಧಿ ಹೊಡೆಸಲು ದಿನ ಗೊತ್ತು ಮಾಡಿಕೊಟ್ಟಿದ್ದೆ. ಅವರ ಪಂಚಾಂಗ ಬೇರೆ ಇರಬಹುದು ಅಂತ ಹೊಳೆಯಲೇ ಇಲ್ಲ. ಎದ್ದು ಹೊರಗೆ ಹೋಗಿ ಬಸವಕುಮಾರ್‌ಗೆ ಫೋನು ಮಾಡಿದೆ. “ಆಗಲೇ ಮುಗೀತು, ಫೋಟೋ ಕಳಿಸಿದೀನಿ ನೋಡಿ” ಅಂದರು.

ನಾಲ್ಕೂವರೆಗೆ ವಾಪಸ್ಸು ಬಂದೆವು. ಬಾಗಿಲಲ್ಲೇ ಔಷಧಿಯ ವಾಸನೆ. ಅಂಗಡಿಯ ನಡುವೆ ಗುಡ್ಡೆ ಹಾಕಿದ್ದರು, ಜಿರಲೆ, ಹಲ್ಲಿ, ಎರಡು ಇಲಿ, ಮೊರಗಟ್ಟಲೆ ಹುಳ. ಕೆಲವಕ್ಕೆ ಇನ್ನೂ ಕಾಲು ಆಡುತ್ತಿತ್ತು.

ಅವರು ಕೂಗಾಡಲಿಲ್ಲ. ಗುಡ್ಡೆಯ ಪಕ್ಕ ಕೂತರು. “ನಿಮಗೆ ಗೊತ್ತಿತ್ತಾ ಮೇಡಂ?”

“ಇಲ್ಲ” ಅಂದೆ.

ಇಡೀ ಮನೆಯಲ್ಲಿ ಆ ಒಂದು ಮಾತಿಗಿಂತ ಹೇಸಿಗೆಯ ಪದಾರ್ಥ ಇವತ್ತು ಇನ್ನೊಂದಿರಲಿಲ್ಲ.

ಸೆಪ್ಟೆಂಬರ್ 3, ಬುಧವಾರ

ಊಟ ಮಾಡಿಲ್ಲವಂತೆ. ಸಾವಿತ್ರಮ್ಮ ಫೋನು ಮಾಡಿದ್ದರು. ನೀರೂ ಮುಟ್ಟಿಲ್ಲವಂತೆ. ಶನಿವಾರದ ಮಾತ್ರೆಯ ಸುದ್ದಿ ಅವರಿಗೂ ತಿಳಿದು ಚೀಲಗಳ ಮೇಲೆ ಕೂತಿದ್ದಾರಂತೆ, ಇಡುವವರು ತನ್ನನ್ನು ಎತ್ತಿಯೇ ಇಡಬೇಕು ಎಂಬ ಹಾಗೆ.

ಸೆಪ್ಟೆಂಬರ್ 4, ಗುರುವಾರ

ಡಾಕ್ಟರನ್ನು ಕರೆದುಕೊಂಡು ಹೋಗಿದ್ದೆ. ಸಕ್ಕರೆ ಕಾಯಿಲೆಯವರು, ನೀರೂ ಇಲ್ಲದೆ ಭಾನುವಾರ ದಾಟುವುದು ಕಷ್ಟ ಅಂದರು. ಆಸ್ಪತ್ರೆಗೆ ಬನ್ನಿ ಅಂದರೆ ಜಯರಾಜಯ್ಯ ಕೈ ಮುಗಿಯುತ್ತಾರೆ. ನಾಲಿಗೆ ಒಣಗಿ ಮಾತು ತೊದಲುತ್ತಿದೆ.

“ಹಸಿವು ಏನೂ ಇಲ್ಲ ಮೇಡಂ. ಮೊದಲ್ನೇ ದಿನ ಅಷ್ಟೆ. ನೀವೂ ಮಂಗಳವಾರ ಮಾಡ್ತೀರಲ್ಲ, ನಿಮಗೆ ಗೊತ್ತಿರುತ್ತೆ.”

ಹಿತ್ತಲ ಬಾವಿಗೆ ಹಾರಿಬಿಡೋಣ ಅನ್ನಿಸಿತು.

ಬಸವಕುಮಾರ್‌ಗೆ ಒಂದೇ ಹೆದರಿಕೆ: ಸಲ್ಲೇಖನ ಅಂತ ಸುದ್ದಿಯಾದರೆ ಪೇಪರಿನವರು ಬರುತ್ತಾರೆ. ಮಹಿಮಾಗೆ ಫೋನು ಮಾಡಿ ಕೇಳಿದೆ. ಅವರು ಸಿಟ್ಟಾದರು. “ಅದಕ್ಕೆ ಗುರುಗಳ ಅಪ್ಪಣೆ ಬೇಕು, ಶಾಂತಿ ಬೇಕು. ಇದು ಅದಲ್ಲ. ಚಿಕ್ಕಪ್ಪ ಸಂಕಟಕ್ಕೆ ಸಾಯ್ತಿದಾರೆ, ನೀವು ಅದಕ್ಕೆ ದೊಡ್ಡ ಹೆಸರಿಡಬೇಡಿ.” ಅವರು ನಿನ್ನೆಯೇ ಬಂದು ಬೇಡಿಕೊಂಡು ಹೋಗಿದ್ದಾರೆ. ಕೇಳಿಲ್ಲ.

ಶನಿವಾರ ಬೆಳಿಗ್ಗೆ ಆಂಬ್ಯುಲೆನ್ಸು ತಂದು ಎತ್ತಿಕೊಂಡು ಹೋಗುವುದು, ಅತ್ತ ಅವರು ಹೋದಂತೆ ಇತ್ತ ಚೀಲಗಳಿಗೆ ಮಾತ್ರೆ ಹಾಕಿಸುವುದು ಎಂದು ತೀರ್ಮಾನವಾಗಿದೆ. ಒಂದೇ ಕಲ್ಲಿಗೆ ಎರಡು ಹಕ್ಕಿ ಎಂದು ಬಸವಕುಮಾರ್ ನಿಜವಾಗಿ ಅಂದರು.

ಸೆಪ್ಟೆಂಬರ್ 5, ಶುಕ್ರವಾರ

ಇವತ್ತು ನನ್ನ ದಿನವಲ್ಲ. ಹೇಳದೆ ಹೋದೆ.

ಗುಡ್ಡೆ ಹಾಗೇ ಇತ್ತು. ಈಗ ಕೊಳೆತ ನಾತವೂ ಸೇರಿತ್ತು, ನೊಣ ಮುತ್ತಿದ್ದವು. ಅವರು ಚೀಲಕ್ಕೆ ಒರಗಿ ಕಣ್ಣು ಮುಚ್ಚಿದ್ದರು. ಕಾಲಿನ ಬ್ಯಾಂಡೇಜು ಮಾತ್ರ ಬೆಳ್ಳಗೆ.

ನಿಂತುಕೊಂಡೇ ಹೇಳಿದೆ. ಕೂತರೆ ಧೈರ್ಯ ಹೋಗುತ್ತದೆ ಅನ್ನಿಸಿತು. “ಜಯರಾಜಯ್ಯನೋರೇ, ನನಗೆ ಗೊತ್ತಿತ್ತು. ದಿನ ಗೊತ್ತು ಮಾಡಿಕೊಟ್ಟವಳು ನಾನೇ. ನಿಮ್ಮನ್ನ ಬೇಕಂತಲೇ ಹಾಸನಕ್ಕೆ ಕರ್ಕೊಂಡು ಹೋದೆ. ಇನ್ನೊಂದಿದೆ. ನಾನು ಯಾವ ಮಂಗಳವಾರಾನೂ ಉಪವಾಸ ಮಾಡಿಲ್ಲ. ನಿಮ್ಮ ಲೋಟ ಕಂಡ್ರೆ ನನಗೆ ಹೇಸಿಗೆ ಆಗ್ತಿತ್ತು. ಅದಕ್ಕೇ ಸುಳ್ಳು ಹೇಳಿದೆ.”

ಕಣ್ಣು ಬಿಟ್ಟರು. ತುಟಿ ಅಂಟಿಕೊಂಡಿತ್ತು, ಬಿಡಿಸಿಕೊಳ್ಳಲು ಹೊತ್ತಾಯಿತು.

“ಉಪವಾಸದ್ದು ಗೊತ್ತಿತ್ತು.”

“ಹೇಗೆ?”

“ನಿಮ್ಮ ಬ್ಯಾಗಿಗೆ ಇರುವೆ ಹತ್ತೋವು. ಪುಳಿಯೋಗರೆ ಡಬ್ಬಿ. ಪ್ರತಿ ವಾರ ನೀವು ಹಿತ್ತಲಿಗೆ ಹೋದಾಗ ಬಿಡಿಸಿ ಕೆಳಗೆ ಬಿಡ್ತಿದ್ದೆ. ಇಲ್ದಿದ್ರೆ ನಿಮ್ಮ ಜೊತೆ ನಿಮ್ಮೂರು ಬೇಲೂರಿಗೆ ಹೋಗ್ಬಿಡ್ತಿದ್ವು, ತಿರುಗಿ ಬರೋಕೆ ದಾರಿ ಎಲ್ಲಿ ಗೊತ್ತು.” ತುಟಿ ಒರೆಸಿಕೊಂಡು, “ಹೇಳಿದ್ರೆ ನಿಮಗೆ ನಾಚಿಕೆ ಆಗೋದು” ಅಂದರು.

ನಾಚಿಕೆ! ಎಂಟು ವಾರ ಈ ಮನುಷ್ಯ ನನ್ನ ಸುಳ್ಳಿಗೆ ಕೈ ಮುಗಿದು ಕೂತಿದ್ದಾನೆ, ನನಗೆ ಮುಜುಗರವಾಗಬಾರದು ಅಂತ. ಬಿಸಿನೀರಲ್ಲಿ ಅದ್ದಿದ ಆ ಬ್ಯಾಗು ನೆನಪಾಯಿತು. ಅಳು ಬಂತು, ಸಿಟ್ಟೂ ಬಂತು.

“ನೀರು ಕೊಡಿ” ಅಂದೆ. “ಇವತ್ತು ಶುಕ್ರವಾರ. ನನಗೆ ಬಾಯಾರಿದೆ.”

“ಕುಡೀತೀರಾ?”

“ಕುಡೀತೀನಿ. ನಾಳೆ ಮಾತ್ರೆ ಇಡಲ್ಲ. ನನ್ನ ಜವಾಬ್ದಾರಿ ಅಂತ ಸಹಿ ಹಾಕ್ತೀನಿ. ನೀವೂ ಕುಡೀಬೇಕು.”

ಗೋಡೆ ಹಿಡಿದು ಎದ್ದರು. ನಾನು ಸೇದುತ್ತೇನೆ ಅಂದರೆ ಬಿಡಲಿಲ್ಲ, ಹಗ್ಗಕ್ಕೆ ಇಬ್ಬರೂ ಕೈ ಹಾಕಿದೆವು. ಬಟ್ಟೆ ಮಡಿಸಿದರು, ಸೋಸಿದರು, ಜಾಲಿಸಿ ಬಾವಿಗೆ ಇಳಿಸಿದರು. ಜೀವ ಹೋಗುತ್ತಿರುವಾಗಲೂ ಅದೊಂದು ಬಿಡಲಿಲ್ಲ. “ಅಂಗಡಿ ಮುಚ್ಚಿದ ಮೇಲೆ ಈ ಮನೇಲಿ ಬಂದೋರು ಯಾರೂ ನೀರು ಕುಡಿದಿಲ್ಲ. ಬಂದೋರಿಗೆ ಕೊಡದೆ ನಾವು ತಗೋಬಾರದು. ನಾಲ್ಕು ವರ್ಷ ಕೊಡದೇ ತಗೊಂಡಿದೀನಿ” ಅಂದರು.

ಲೋಟದ ಅಂಚಿನಲ್ಲಿ ಅದೇ ಹೆಬ್ಬೆರಳು. ಕಣ್ಣು ಮುಚ್ಚಿ ಪೂರ್ತಿ ಕುಡಿದೆ. ಓಡಿಹೋಗಿ ಚರಂಡಿಗೆ ವಾಂತಿ ಮಾಡಿದೆ. ಸಾವಿತ್ರಮ್ಮ ಮಾಡಿನ ಕೆಳಗೆ ನಿಂತು ನೋಡುತ್ತಿದ್ದರು. ಬಾಯಿ ತೊಳೆದು ವಾಪಸ್ಸು ಬಂದರೆ ಇವರು ಇನ್ನೊಂದು ಲೋಟ ಹಿಡಿದು ಕಾಯುತ್ತಿದ್ದಾರೆ.

ಅದನ್ನೂ ಕುಡಿದೆ, ಅದು ಹೊಟ್ಟೆಯಲ್ಲಿ ನಿಂತಿತು. ಆಮೇಲೆ ಅವರು ಕುಡಿದರು. ಗುಟುಕು ಗುಟುಕಾಗಿ, ನಡುವೆ ನಿಲ್ಲಿಸಿ ಉಸಿರು ತೆಗೆದುಕೊಳ್ಳುತ್ತ. ನಾನು ಆಗಲೇ ಫೋನು ಮಾಡಿ ಕರೆಸಿದ ಆಂಬ್ಯುಲೆನ್ಸಿಗೆ ಅವರೇ ಹತ್ತಿದರು.

ಸೆಪ್ಟೆಂಬರ್ 8, ಸೋಮವಾರ

ನಿನ್ನೆ ಗ್ರಹಣ. ಅತ್ತೆ ಮಾಡಿದ ಅನ್ನವನ್ನೆಲ್ಲ ಚೆಲ್ಲಿಸಿದರು, ಉಪ್ಪಿನಕಾಯಿ ಜಾಡಿಗೆ ದರ್ಭೆ ಇಟ್ಟರು. ಎಲ್ಲರಿಗೂ ಸ್ನಾನ. ಅಷ್ಟು ಅನ್ನ ಚೆಲ್ಲುವುದು ನೋಡಿ ಯಾಕೋ ರೇಗಿತು.

ಬೆಳಿಗ್ಗೆ ಆಸ್ಪತ್ರೆಯಿಂದ ಜಯರಾಜಯ್ಯ ಫೋನು. ಇವತ್ತು ಅವರಿಗೆ ಕ್ಷಮಾವಣಿ, ಗೊತ್ತಿದ್ದೋ ಗೊತ್ತಿಲ್ಲದೆಯೋ ಮಾಡಿದ ತಪ್ಪಿಗೆ ಎಲ್ಲರ ಹತ್ತಿರ ಕ್ಷಮೆ ಕೇಳುವ ದಿನವಂತೆ. “ನನ್ನಿಂದಾಗಿ ನೀವು ಸುಳ್ಳು ಹೇಳೋ ಹಾಗಾಯ್ತು ಮೇಡಂ. ಕ್ಷಮಿಸಬೇಕು.”

ನಾನು ಕೇಳಬೇಕಾಗಿದ್ದನ್ನು ಮೊದಲು ಅವರೇ ಕೇಳಿ ಕೂತರು. ಫೋನಿಟ್ಟು ಅಡುಗೆಮನೆಯಲ್ಲಿ ಸುಮ್ಮನೆ ಪಾತ್ರೆ ಬಡಿದೆ.

ಸೆಪ್ಟೆಂಬರ್ 23, ಮಂಗಳವಾರ

ಪಂಚಾಯಿತಿ ಅಕ್ಟೋಬರ್ ಕೊನೆವರೆಗೆ ಗಡುವು ಕೊಟ್ಟಿದೆ, ನನ್ನ ಸಹಿಯ ಮೇಲೆ. ಮನೆ ಚೊಕ್ಕಟವಾಗದಿದ್ದರೆ ಅವರಿಗೆ ಆಶ್ರಮ, ಕೆಲಸ ಹೋಗಿ ನನಗೆ ಮನೆ.

ಕಾಳನ್ನು ನೆರಳಲ್ಲಿ ತೆಳ್ಳಗೆ ಹರಡಿದರೆ ಹುಳ ತಾವಾಗಿಯೇ ಎದ್ದು ಹೋಗುತ್ತವೆ ಎಂದು ಜಯರಾಜಯ್ಯನೇ ಹೇಳಿದರು. ಬಿಸಿಲಿಗೆ ಹಾಕಿದರೆ ಸಾಯುತ್ತವೆ. ಅವರ ದಾಯಾದಿಗಳ ತೋಟ ಊರಾಚೆ ಇದೆ, ಹೊಂಗೆ ಮರದ ಕೆಳಗೆ ಟಾರ್ಪಾಲು ಹಾಸಿದೆವು. ದಿನಕ್ಕೆ ಒಂದು ಚೀಲ, ಹೆಚ್ಚೆಂದರೆ ಎರಡು. ಹುಳ ಹೋದ ಮೇಲೆ ಕಾಳು ಗೊಬ್ಬರದ ಗುಂಡಿಗೆ. ಭಾನುವಾರ ಬಸದಿ ಬೀದಿಯ ನಾಲ್ಕು ಜನ ಬಂದಿದ್ದರು. ಇಷ್ಟು ವರ್ಷ ಎಲ್ಲಿದ್ದರೋ.

“ಹುಳಕ್ಕೆ ಬಸ್‌ಚಾರ್ಜೂ ಕೊಟ್ಟು ಕಳ್ಸಿ ಮೇಡಂ” ಅಂತ ಸಾವಿತ್ರಮ್ಮ. ಅಂದವರೇ ಮೊರ ತಂದು ಕೂತರು.

ಬಲೆ ಕೈಗೆ ಅಂಟುತ್ತದೆ. ಅಸಹ್ಯವೇ. ಒಂದು ಸಲ ಸ್ನಾನ ಮಾಡಿದರೆ ಹೋಗುತ್ತದೆ.

ಅಕ್ಟೋಬರ್ 14, ಮಂಗಳವಾರ

ಇವತ್ತು ವಿಶೇಷವೇನಿಲ್ಲ. ಇಪ್ಪತ್ತು ಚೀಲ ಖಾಲಿ. ಹುಣ್ಣು ಒಣಗುತ್ತಿದೆ.

ಅತ್ತೆ ರವೆ ಡಬ್ಬಿಯಲ್ಲಿ ಹುಳ ಕಂಡು “ಅಯ್ಯೋ, ಒಲೆಗೆ ಹಾಕೇ” ಎಂದು ಕೂಗಿಕೊಂಡರು. ಡಬ್ಬಿ ಎತ್ತಿಕೊಂಡು ಹಿತ್ತಲಿಗೆ ಹೋಗಿ ಪೇಪರಿನ ಮೇಲೆ ಹರಡಿ ಬಂದೆ. “ಅಷ್ಟು ಹೊತ್ತು ಏನು ಮಾಡ್ತಿದ್ದೆ?” ಅಂತ ಕೇಳಿದರು. ಬಿಸಿಲು ಸರಿಯುವುದನ್ನು ಕಾಯುತ್ತಿದ್ದೆ ಅಂದರೆ ಅವರಿಗೆ ಅರ್ಥವಾಗುವುದಿಲ್ಲ.

ಅಕ್ಟೋಬರ್ 28, ಮಂಗಳವಾರ

ಇವತ್ತು ಮನೆ ನೋಡಲು ಪಂಚಾಯಿತಿಯ ಸಾಹೇಬರೊಬ್ಬರು ಬಂದಿದ್ದರು, ಹಿಂದೆ ಬಸವಕುಮಾರ್. ನಲವತ್ತೊಂದು ಚೀಲದಲ್ಲಿ ಹನ್ನೊಂದು ಉಳಿದಿವೆ. ನೆಲ ಕಾಣುತ್ತದೆ, ಕಿಟಕಿ ತೆರೆಯುತ್ತದೆ. ಅಂಗಡಿಯ ನಡುವೆ ಎರಡು ಸ್ಟೂಲು ಹಾಕಿದ್ದೆವು. ಬೆಳಿಗ್ಗೆ ಎಂಟರಿಂದ ಜಯರಾಜಯ್ಯ ಬಿಳಿ ಅಂಗಿ ಹಾಕಿಕೊಂಡು ಕಾದಿದ್ದರು.

ಆ ಮನುಷ್ಯ ಹೊಸ್ತಿಲಲ್ಲೇ ಸೆಂಟಿನ ಕರ್ಚೀಫು ತೆಗೆದು ಮೂಗಿಗೆ ಒತ್ತಿಕೊಂಡ. ಎಂಥ ಜನವಪ್ಪ! ಯಜಮಾನರು ಎದುರಿಗೇ ನಿಂತಿದ್ದಾರೆ, ಅವರ ಮುಖದ ಮುಂದೆಯೇ. ಸ್ಟೂಲು ತೋರಿಸಿದರೆ ಕೂರಲಿಲ್ಲ, ಪ್ಯಾಂಟು ಎತ್ತಿ ಹಿಡಿದುಕೊಂಡು ನಿಂತ. ಮನುಷ್ಯರಿಗೆ ಇಷ್ಟೂ ನಾಚಿಕೆ ಬೇಡವೇ? ನೋಡಿ ನನಗೆ ವಾಕರಿಕೆ ಬಂತು.

“ಇನ್ನೊಂದು ತಿಂಗಳು ಟೈಮ್ ಕೊಡ್ತೀನಿ. ಅಷ್ಟರಲ್ಲಿ ಮುಗಿಸಿ. ಆಶ್ರಮದ ಮಾತು ಸದ್ಯಕ್ಕೆ ಬೇಡ” ಎಂದು ಕರ್ಚೀಫಿನೊಳಗಿಂದಲೇ ಹೇಳಿದ. ಸಾವಿತ್ರಮ್ಮ ಬಾಗಿಲಾಚೆಯಿಂದ “ಹಂಗೇ ಮಾಡಿ ಸಾಮಿ” ಅಂದರು. ಜಯರಾಜಯ್ಯನ ಕಣ್ಣು ತುಂಬಿತು. ಒಳಗೆ ಹೋಗಿ ನೀರು ಸೋಸಿ ತಂದು ಎರಡೂ ಕೈಯಲ್ಲಿ ಲೋಟ ಹಿಡಿದರು.

“ಬೇಡ ಬೇಡ, ಈಗಷ್ಟೇ ಕಾಫಿ ಆಯ್ತು” ಅಂತ ಅವನು ಜೀಪಿನ ಕಡೆ ನಡೆದುಬಿಟ್ಟ. ಜಯರಾಜಯ್ಯ ಲೋಟ ಸ್ಟೂಲಿನ ಮೇಲಿಟ್ಟು ಅವನ ಬೆನ್ನಿಗೆ ಕೈ ಮುಗಿದರು.

ಅವನ ಕಾಫಿಗಿಷ್ಟು ಬೆಂಕಿ ಬೀಳ. ನನ್ನ ಸಿಟ್ಟು ಬಸ್ಸು ಹತ್ತುವವರೆಗೂ ಇಳಿಯಲಿಲ್ಲ. ಹೊರಡುವಾಗ ಲೋಟ ಹಾಗೇ ಇತ್ತು. ಬೆಳಿಗ್ಗೆಯಿಂದ ಓಡಾಡಿ ಬಾಯಾರಿತ್ತು, ನಾನೇ ಕುಡಿದೆ.